ಚಳಿಯಲ್ಲಿ ಮೊದಲ ಮ್ಯಾರಥಾನ್

ಸೂರತ್‌ನ ಚಳಿಯೂ ಒಂದು ಚಳಿಯೇ ಎಂದು ನಗಬೇಡಿ. ಈ ಚಳಿಗಾಲ ಅಹಮದಾಬಾದಿಗೋ ವಡೋದರಕ್ಕೋ ಹೋಗಿ ಮೊದಲ ಬಾರಿ 42.195 ಕಿ.ಮೀ. ಓಡುವ ಆಸೆಯಿದ್ದರೆ, ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರನ್ನು ನೆನೆಯಿರಿ. ಭಾರತದಿಂದ ಒಲಿಂಪಿಕ್ ಮ್ಯಾರಥಾನ್ ಓಡಿದ ಮೊದಲ ಇಬ್ಬರಲ್ಲಿ ಅವರೊಬ್ಬರು. 1920ರಲ್ಲಿ ಆಂಟ್‌ವರ್ಪ್‌ನ ಮಳೆ, ಥಂಡಿಯಲ್ಲಿ 42.75 ಕಿ.ಮೀ. ಓಡಿ 19ನೆಯವರಾದರು. 2 ಗಂಟೆ 50 ನಿಮಿಷ ಚಿಲ್ಲರೆ! ಇಂದಿಗೂ ಎಷ್ಟು ಜನರಿಂದಾದೀತು ಹೇಳಿ?

ಓಡುವಾಗ ಚಳಿ ಸ್ನೇಹಿತನೇ. ಮೈ ಬೇಗ ಕಾಯುವುದಿಲ್ಲ. ಆದರೆ ಬಾಯಾರಿಕೆಯೂ ತಿಳಿಯುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ದಾರಿಯಲ್ಲಿ ನೀರಿಟ್ಟ ಕಡೆ ಒಂದೆರಡು ಗುಟುಕು ಕುಡಿಯಿರಿ. ಹೊಟ್ಟೆ ತುಂಬ ಬೇಡ, ಅತಿಯಾದರೆ ಅದೂ ಅಪಾಯವೇ. ತಂಪಾಗಿದೆಯಲ್ಲ ಎಂದು ಮೊದಲ 10 ಕಿ.ಮೀ. ಜೋರಾಗಿ ಓಡಿಬಿಟ್ಟರೆ, 30 ದಾಟಿದ ಮೇಲೆ ಕಾಲು ನಿಮ್ಮ ಮಾತು ಕೇಳುವುದಿಲ್ಲ.

ನಿಜವಾದ ಚಳಿ ಹಿಡಿಯುವುದು ಓಟ ಮುಗಿಸಿ ಒದ್ದೆ ಬನಿಯನ್ನಿನಲ್ಲಿ ನಿಂತಾಗ. ಮನೆಯವರ ಕೈಗೆ ಒಣ ಅಂಗಿ, ಒಂದು ಶಾಲು, ಫ್ಲಾಸ್ಕಿನಲ್ಲಿ ಬಿಸಿ ಚಹಾ ಕೊಟ್ಟಿರಿ. ಮೊದಲು ಬಟ್ಟೆ ಬದಲಿಸಿ. ಪದಕದ ಫೋಟೋ ಆಮೇಲೆ.