ವೃದ್ಧ ರೋಗಿಯೂ ಆಸ್ಪತ್ರೆಯ ಹಾಸಿಗೆಯೂ

(ಶತಮಾನೋತ್ಸವದ ಅಂಗವಾಗಿ ವೈದ್ಯರೊಬ್ಬರು ಮಾಡಿದ ಭಾಷಣ)



ವೈದ್ಯನೊಬ್ಬನು ಹೊಸ ಔಷಧಗಳ ಮಹಿಮೆಯನ್ನು ಬಣ್ಣಿಸುವನೆಂದು ತಾವು ಎಣಿಸಿರಬಹುದು. ನಾನಾದರೋ ಆಸ್ಪತ್ರೆಯ ಹಾಸಿಗೆಯ ಕುರಿತು ಮಾತನಾಡಬಯಸುತ್ತೇನೆ.

ವೃತ್ತಿಗೆ ಸೇರಿದ ಹೊಸತರಲ್ಲಿ, ನ್ಯುಮೋನಿಯ ತಗುಲಿದ ವೃದ್ಧರೊಬ್ಬರು ನನ್ನ ವಾರ್ಡಿಗೆ ದಾಖಲಾದರು. ತಾವೇ ನಡೆದು ಬಂದವರು. “ಅಜ್ಜಾ, ಮಲಗಿಯೇ ಇರಿ, ಏಳಬೇಡಿ” ಎಂದು ಆಜ್ಞಾಪಿಸಿದವನು ನಾನು. ಶುಶ್ರೂಷೆಗೆ ಅನುಕೂಲವೆಂದು ಮೂತ್ರಕ್ಕೆ ನಳಿಕೆಯನ್ನೂ ಹಾಕಿಸಿದೆ. ಮೂರನೆಯ ರಾತ್ರಿ ಅವರು ಎಂದೋ ತೀರಿಕೊಂಡ ಪತ್ನಿಯನ್ನು ಕೂಗಿ ಕರೆಯತೊಡಗಿದರು, ನಳಿಕೆಯನ್ನು ಕಿತ್ತೆಳೆದರು. ನಾನು ನಿದ್ರೆಯ ಮಾತ್ರೆ ಬರೆದೆ. ಹತ್ತನೆಯ ದಿನ ಜ್ವರವಿರಲಿಲ್ಲ, ಉಸಿರಾಟ ಸರಾಗವಾಗಿತ್ತು. ಗುಣವಾಗಿದೆಯೆಂದು ಬರೆದು ಸಹಿ ಹಾಕಿದೆ. ಮಗನು ತಂದೆಯನ್ನು ಎತ್ತಿಕೊಂಡೇ ಕಾರಿನಲ್ಲಿ ಕೂರಿಸಿದನು. ಆ ಹಿರಿಯರು ಮತ್ತೆಂದೂ ತಮ್ಮ ಅಂಗಳಕ್ಕಿಳಿಯಲಿಲ್ಲ.

ನನಗೆ ತಿಳಿಯದಿದ್ದುದು ವೈದ್ಯಲೋಕಕ್ಕೆ ತಿಳಿಯದ ಸಂಗತಿಯಾಗಿರಲಿಲ್ಲ. ಮಲಗಿಸಿಡುವುದರ ಅಪಾಯಗಳನ್ನು ಕುರಿತು ಲಂಡನ್ನಿನ ವೈದ್ಯ ರಿಚರ್ಡ್ ಆಷರ್ 1947ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡಗೊಡದೆ ಮಲಗಿಸುತ್ತಿದ್ದ ಕಾಲವದು. 1952ರಲ್ಲಿ ಬೋಸ್ಟನ್ನಿನ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ಚಿಕಿತ್ಸೆ ನೀಡಿದ ಅನುಭವವನ್ನು ಪ್ರಕಟಿಸಿದರು.

ಸದಾ ಮಲಗಿರುವವರ ಸ್ನಾಯುಗಳು ಸೊರಗುತ್ತವೆ, ಬೆನ್ನು ಹುಣ್ಣಾಗುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಳಿಕೆ ಉಳಿದಷ್ಟು ದಿನವೂ ಸೋಂಕಿನ ಭಯವುಂಟು. ಇನ್ನು ಆ ಅಜ್ಜನಿಗೆ ಬಡಿದದ್ದು ಸನ್ನಿ. ಅದು ಹುಚ್ಚಲ್ಲ, ಅರಳುಮರಳೂ ಅಲ್ಲ. ದೇಹದ ಬೇನೆಯಿಂದ ಬುದ್ಧಿ ಹಠಾತ್ತನೆ ಕದಡುವ ಸ್ಥಿತಿ. ನನ್ನ ಮಾತ್ರೆ ಅದನ್ನು ಹೆಚ್ಚಿಸಿರಲೂ ಸಾಕು. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶರೋನ್ ಇನೋಯೆ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಎಂದಿನ ಆರೈಕೆಯಲ್ಲಿ ನೂರಕ್ಕೆ 15 ಮಂದಿಗೆ ಸನ್ನಿಯಾಯಿತು. ವಿಶೇಷ ಆರೈಕೆ ಪಡೆದವರಲ್ಲಿ 10ಕ್ಕಿಂತ ತುಸು ಕಡಿಮೆ. ವಿಶೇಷವೆಂದರೇನು? ಇಂದು ಯಾವ ದಿನ, ಇದು ಯಾವ ಸ್ಥಳವೆಂದು ನೆನಪಿಸುವುದು, ಬೇಗನೆ ನಡೆದಾಡಿಸುವುದು, ಕನ್ನಡಕ, ಕಿವಿಯಂತ್ರ ಒದಗಿಸುವುದು, ನೀರು ಕುಡಿಸುವುದು, ಮಾತ್ರೆಯಿಲ್ಲದೆ ರಾತ್ರಿ ನಿದ್ರಿಸಬಿಡುವುದು.

ಎಲ್ಲರನ್ನೂ ಎಬ್ಬಿಸಿರೆಂದು ನಾನು ಹೇಳುತ್ತಿಲ್ಲ. ಮಲಗಿಯೇ ಇರಬೇಕಾದ ರೋಗಿಗಳೂ ಉಂಟು. ಆದರೆ ನೋಡಲು ಬರುವ ನಮ್ಮ ಜನರು ಹಾರ್ಲಿಕ್ಸ್ ಬಾಟಲಿ ಇಟ್ಟು, “ಅಲ್ಲಾಡಬೇಡಿ” ಎಂದು ನಾಲ್ಕು ಬಾರಿ ಹೇಳಿಯೇ ತೆರಳುತ್ತಾರೆ! ಅದರ ಬದಲು ಹಿರಿಯರ ಕನ್ನಡಕವನ್ನು ಮನೆಯಿಂದ ತನ್ನಿ. ಇಂದು ನಾನು ಪ್ರತಿದಿನದ ಭೇಟಿಯಲ್ಲಿ ಕಿರಿಯ ವೈದ್ಯರನ್ನು ಕೇಳುವ ಪ್ರಶ್ನೆಗಳು ಎರಡು: ಈ ನಳಿಕೆ ಇನ್ನೂ ಬೇಕೇ? ಇವರು ಇಂದು ಏಳಬಹುದೇ? ಇವನ್ನು ತಾವೂ ಕೇಳಬಹುದು. ಸಿಡುಕುವ ವೈದ್ಯರಿದ್ದಾರೆ, ಬಲ್ಲೆ, ಆದರೂ ಕೇಳಿ.