ಕತ್ತಲೆ ಕೋಣೆಯ ದೀಪ

ಹುಲಿಗಿಗೆ ಹುಣ್ಣಿಮೆಯ ದಿನ ಹೋಗಿಬಂದವರ ಮನೆಗಳಲ್ಲಿ ಒಂದು ಪಟವಿರುವುದು ವಾಡಿಕೆ. ತುಂಗಭದ್ರೆಯಲ್ಲಿ ಮಿಂದು, ಹುಲಿಗೆಮ್ಮನ ಗುಡಿಯಲ್ಲಿ ಕಾಯಿ ಒಡೆಯಿಸಿ, ಒದ್ದೆ ತಲೆಯ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು, ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತ ಪಟ. ನಮ್ಮ ಮನೆಯಲ್ಲಿಯೂ 1968ರ ಅಂಥದೊಂದು ಪಟವಿದ್ದಿತು. ಪಟ ಗೆದ್ದಲಿನ ಪಾಲಾಯಿತು. ಅದರ ನೆಗೆಟಿವು ಮಾತ್ರ ತಗಡಿನ ಡಬ್ಬಿಯೊಂದರಲ್ಲಿ ಉಳಿದುಕೊಂಡಿತು. ಎರಡೂಕಾಲು ಅಂಗುಲದ ಚೌಕದೊಳಗೆ ಏಳು ಜನ. ಅವರಲ್ಲಿ ಒಬ್ಬರು ನಮ್ಮ ತಾಯಿಯ ತಾಯಿ. ಅವರ ಬೇರೊಂದು ಭಾವಚಿತ್ರ ಎಲ್ಲಿಯೂ ಇಲ್ಲ. ಇರುವ ಇದರಲ್ಲಿಯೂ ಮುಖ ಕಡಲೆಕಾಳಿಗಿಂತ ದೊಡ್ಡದಲ್ಲ. ಅದನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡಿಕೊಡಬೇಕೆಂದು ನಮ್ಮ ತಾಯಿಯವರು ಬಹುಕಾಲದಿಂದ ಕೇಳುತ್ತಿದ್ದರು.

ಚಿತ್ರವನ್ನು ಹಿಗ್ಗಿಸುವ ಯಂತ್ರಕ್ಕೆ, ಎಂದರೆ ಎನ್‌ಲಾರ್ಜರಿಗೆ, ಎಂಥ ದೀಪವನ್ನಿಡಬೇಕು, ಹೇಗಿಡಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ಒಂದು ಬುರುಡೆ ದೀಪಕ್ಕೆ ಇಷ್ಟೆಲ್ಲ ಮಾತೇ ಎಂದು ಕೇಳುವವರಿರಬಹುದು. ದೀಪದ ದೆಸೆಯಿಂದ ಆ ಒಂದೇ ನೆಗೆಟಿವನ್ನು ಕಳೆದುಕೊಳ್ಳುವುದರಲ್ಲಿದ್ದ ನನಗೆ ಅದು ಅಷ್ಟು ಸಣ್ಣ ಮಾತಾಗಿ ತೋರುವುದಿಲ್ಲ.

ಮೊದಲಿನವರಿಗೆ ಈ ಚಿಂತೆಯಿರಲಿಲ್ಲ. ಹುಲಿಗಿಯಿಂದ ಹೊಳೆಯ ಜಾಡು ಹಿಡಿದು ಕೆಳಕ್ಕೆ ಹೋದರೆ ಆಚೆಯ ದಡದಲ್ಲಿ ಹಂಪೆಯಿದೆಯಷ್ಟೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಆ ಹಾಳುಪಟ್ಟಣವನ್ನು ಮೇಣ ಹಾಕಿದ ಕಾಗದದ ನೆಗೆಟಿವುಗಳ ಮೇಲೆ ಹಿಡಿದನು. ಒಂದೊಂದೂ ಸುಮಾರು ಒಂದೂವರೆ ಅಡಿಯದು. ಅಷ್ಟು ದೊಡ್ಡದನ್ನು ಹಿಗ್ಗಿಸುವ ಗೋಜಿಲ್ಲ. ಬೆಳಕಿಗೆ ಕಪ್ಪಾಗುವ ಕಾಗದಕ್ಕೆ ಒತ್ತಿ ಬಿಸಿಲಿನಲ್ಲಿಟ್ಟರೆ ಅದೇ ಅಳತೆಯ ಪಟ ಮೂಡುತ್ತದೆ. ಮರುವರ್ಷ, 1857ರಲ್ಲಿ, ಅಮೆರಿಕದ ಡೇವಿಡ್ ವುಡ್‌ವರ್ಡ್ ಬಿಸಿಲಿನಿಂದಲೇ ಚಿತ್ರವನ್ನು ಹಿಗ್ಗಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಅದರ ಕನ್ನಡಿಯನ್ನು ಸೂರ್ಯನು ಸರಿದಂತೆಲ್ಲ ತಿರುಗಿಸುತ್ತಿರಬೇಕಾಗಿದ್ದಿತು. ಕ್ಯಾಮೆರಾ ಕಿರಿದಾಗುತ್ತ ನೆಗೆಟಿವು ಅಂಗೈಯಿಂದ ಬೆರಳಿನ ಅಗಲಕ್ಕೆ ಇಳಿದಂತೆ ಎನ್‌ಲಾರ್ಜರು ಅನಿವಾರ್ಯವಾಯಿತು, ಅದರೊಡನೆ ದೀಪದ ಪ್ರಶ್ನೆಯೂ ಬಂದಿತು.

ನನ್ನ ಯಂತ್ರ ಹಳೆಯದು, ಮತ್ತೊಬ್ಬರು ಬಳಸಿ ಬಿಟ್ಟದ್ದು. ಅದರೊಳಗಿನ ಹಾಲುಬಣ್ಣದ ದೀಪ ಸುಟ್ಟುಹೋಗಿದ್ದಿತು. ಅಂಥವು ಈಗ ಅಪರೂಪವಾಗಿವೆ. ಬೆಳಕು ಹೆಚ್ಚಾದಷ್ಟೂ ಚಿತ್ರ ಸ್ಪಷ್ಟವಾದೀತೆಂಬ ಭ್ರಮೆಯಿಂದ ನಾನು 200 ವ್ಯಾಟಿನ ತಿಳಿಗಾಜಿನ ಬುರುಡೆಯೊಂದನ್ನು ಅದರಲ್ಲಿ ತಿರುಗಿಸಿದೆ. ಫಲವನ್ನು ಕೇಳಿ. ಮೇಜಿನ ಮೇಲೆ ಅಜ್ಜಿಯ ಮುಖದ ಮಗ್ಗುಲಲ್ಲಿ ಬುರುಡೆಯ ತಂತಿಯ ನೆರಳು ಬಿದ್ದಿತು. ಫಿಲ್ಮಿನ ಬೆನ್ನಿನ ಗೀರುಗಳೆಲ್ಲ ಬಿಳಿಯ ಗೆರೆಗಳಾಗಿ ಪಟದಲ್ಲಿ ಮೂಡಿದುವು. ಐದಾರು ನಿಮಿಷವಾಗುವಷ್ಟರಲ್ಲಿ ಚಿತ್ರ ತಾನಾಗಿ ಮಸಕಾಯಿತು. ಹೊರಗೆ ತೆಗೆದು ನೋಡಿದರೆ ನೆಗೆಟಿವು ಶಾಖಕ್ಕೆ ಹಪ್ಪಳದಂತೆ ಉಬ್ಬಿದ್ದಿತು. ಇನ್ನೆರಡು ನಿಮಿಷ ತಡೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲಾರೆ. ದಪ್ಪ ಪುಸ್ತಕದ ನಡುವೆ ಒಂದು ವಾರವಿಟ್ಟ ಮೇಲೆ ಅದು ಪುಣ್ಯವಶಾತ್ ಚಪ್ಪಟೆಯಾಯಿತು.

ಗೀರುಗಳು ಏಕೆ ಅಷ್ಟು ಎದ್ದು ಕಂಡುವು? ಸುಣ್ಣ ಬಳಿದ ಗೋಡೆಯ ಮೇಲೆ ಬೆಳಗಿನ ಓರೆಬಿಸಿಲು ಬಿದ್ದಾಗ ಗಾರೆಯವನ ಕರಣೆಯ ಗುರುತೆಲ್ಲ ಕಾಣಿಸುತ್ತದೆ. ಮೋಡ ಕವಿದ ದಿನ ಅದೇ ಗೋಡೆ ನುಣ್ಣಗೆ ತೋರುತ್ತದೆ. ಎನ್‌ಲಾರ್ಜರಿನಲ್ಲಿಯೂ ಎರಡು ಬಗೆಯ ಬೆಳಕುಂಟು. ಕಂಡೆನ್ಸರ್ ಎಂಬ ದಪ್ಪ ಮಸೂರಗಳ ಜೋಡಿಯ ಮೂಲಕ ಬಂದದ್ದು ಒಂದೇ ದಿಕ್ಕಿಗೆ ಕೂಡಿಕೊಂಡು ಸಾಗುವ ಬೆಳಕು. ಹಾಲುಗಾಜಿನ ಮೂಲಕ ಬಂದದ್ದು ಎಲ್ಲ ದಿಕ್ಕಿಗೂ ಚದರಿದ ಬೆಳಕು. ಮೊದಲನೆಯದು ಗೀರು ಸಿಕ್ಕಲ್ಲಿ ಅಡ್ಡಹಾಯ್ದು ದಾರಿ ತಪ್ಪುತ್ತದೆ, ಕಾಗದವನ್ನು ತಲುಪುವುದಿಲ್ಲ. ಎರಡನೆಯದರಲ್ಲಿ ಒಂದು ಕಿರಣ ತಪ್ಪಿದರೆ ಮಗ್ಗುಲಿನಿಂದ ಮತ್ತೊಂದು ಬಂದು ಆ ಸ್ಥಳವನ್ನು ತುಂಬುತ್ತದೆ. ಬೆಳ್ಳಿಯ ಕಣಗಳೂ ಕೂಡಿಬಂದ ಬೆಳಕನ್ನು ಹೀಗೆಯೇ ಚೆದರಿಸುವುದರಿಂದ, ಕಂಡೆನ್ಸರಿನ ಪಟದಲ್ಲಿ ಕಪ್ಪುಬಿಳುಪುಗಳ ಅಂತರ ಸುಮಾರು ಒಂದು ದರ್ಜೆಯಷ್ಟು ಕಟುವಾಗುತ್ತದೆ. ಇದಕ್ಕೆ ಕಾಲಿಯೇ ಪರಿಣಾಮವೆಂದು ಹೆಸರು. ಕಂಡೆನ್ಸರೇ ಶ್ರೇಷ್ಠ, ಹಾಲುಗಾಜೇ ಶ್ರೇಷ್ಠ ಎಂದು ಜಗಳಾಡುವವರನ್ನು ನಾನು ಬಲ್ಲೆ. ನನ್ನ ಅಭಿಪ್ರಾಯದಲ್ಲಿ ಅದು ನೆಗೆಟಿವನ್ನು ಕೇಳಿ ತೀರ್ಮಾನಿಸಬೇಕಾದ ಸಂಗತಿ. ತೆಳುವಾದ, ಶುಭ್ರವಾದ ನೆಗೆಟಿವಿಗೆ ಕಂಡೆನ್ಸರು ಜೀವ ಕೊಡುತ್ತದೆ. ಡಬ್ಬಿಯಲ್ಲಿ ಐವತ್ತು ವರ್ಷ ಉಜ್ಜಾಡಿದ ಅಜ್ಜಿಗೆ ಬೇಕಾದದ್ದು ಮೋಡದ ಬೆಳಕು.

ಇನ್ನು ದೀಪದ ಆಯ್ಕೆ. ತಂತಿಯ ಬುರುಡೆಯೇ ಬೇಕೆನ್ನುವವರು ತುದಿಯಲ್ಲಿ ಅಚ್ಚಿನ ಗುರುತಿಲ್ಲದ, ಹಾಲುಬಣ್ಣದ, 75ರಿಂದ 150 ವ್ಯಾಟಿನದನ್ನು, ಯಂತ್ರವು ತಾಳುವ ಮಿತಿಯನ್ನರಿತು ಹುಡುಕತಕ್ಕದ್ದು. ಆದರೆ ನಮ್ಮ ಕಡೆ ಅದಕ್ಕೊಂದು ವಿಘ್ನವಿದೆ. 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಹುಲಿಗಿಯ ಮಗ್ಗುಲಲ್ಲೇ ಇದೆ. ಮುನಿರಾಬಾದಿನಲ್ಲಿ ವಿದ್ಯುತ್ತೂ ಹುಟ್ಟುತ್ತದೆ. ದೀಪದ ಬುಡದಲ್ಲಿ ಕತ್ತಲೆಯೆಂಬಂತೆ, ಹೊಲಗಳ ಪಂಪುಗಳು ಒಟ್ಟಿಗೆ ತಿರುಗತೊಡಗಿದರೆ ನಮ್ಮ ಮನೆಯ ವೋಲ್ಟೇಜು ಕುಸಿಯುವುದುಂಟು. 230 ಇರಬೇಕಾದದ್ದು 207 ಆಯಿತೆನ್ನಿ. ಹತ್ತರಲ್ಲೊಂದು ಪಾಲು ಮಾತ್ರ ಕಡಿಮೆ. ತಂತಿಯ ದೀಪದ ಬೆಳಕಾದರೋ ನೂರಕ್ಕೆ ಸುಮಾರು 30ರಷ್ಟು ಇಳಿದುಹೋಗುತ್ತದೆ. ಸಂಜೆ ಆರಕ್ಕೆ ಸರಿಯಾಗಿದ್ದ ಹತ್ತು ಸೆಕೆಂಡು ಏಳಕ್ಕೆ ಸಾಲದು. ವೋಲ್ಟೇಜನ್ನು ಹದದಲ್ಲಿಡುವ ಸ್ಟೆಬಿಲೈಜರು ಇಲ್ಲದೆ ಅಂಥ ದೀಪವನ್ನು ನಂಬಲಾಗದು. ಸುರುಳಿಯಾಕಾರದ ಸಿ.ಎಫ್.ಎಲ್. ದೀಪವನ್ನಂತೂ ನಾನು ಯಾರಿಗೂ ಹೇಳಲಾರೆ. ಹೊತ್ತಿಸಿದ ಕೂಡಲೆ ಪೂರ್ಣ ಬೆಳಕು ಬರುವುದಿಲ್ಲ.

ಕೊನೆಗೆ ನಾನು ಆಯ್ದುಕೊಂಡದ್ದು 9 ವ್ಯಾಟಿನ ಎಲ್.ಇ.ಡಿ. ಬುರುಡೆ. ಶಾಖ ಅತ್ಯಲ್ಪ, ಒಳ್ಳೆಯ ಬುರುಡೆಯೊಳಗಿನ ವಿದ್ಯುತ್‌ಮಂಡಲವು ವೋಲ್ಟೇಜಿನ ಏರಿಳಿತವನ್ನು ಬೆಳಕಿನವರೆಗೆ ಬರಗೊಡುವುದಿಲ್ಲ. ದೋಷವೂ ಉಂಟು. ಬಗೆಬಗೆಯ ದರ್ಜೆ ಕೊಡುವ ಮಲ್ಟಿಗ್ರೇಡ್ ಕಾಗದವು ಹಸುರು ಬೆಳಕಿಗೆ ಮೃದುವಾಗಿಯೂ ನೀಲಿಗೆ ಕಟುವಾಗಿಯೂ ಮೂಡುತ್ತದೆ. ಬಿಳಿಯ ಎಲ್.ಇ.ಡಿ.ಯ ಬೆಳಕಿನಲ್ಲಿ ಈ ನೀಲಿ ಹಸುರುಗಳ ಪ್ರಮಾಣ ತಂತಿಯ ದೀಪದಲ್ಲಿರುವಂತಿಲ್ಲ. ಆದುದರಿಂದ ಫಿಲ್ಟರಿನ ಮೇಲೆ ಬರೆದ ದರ್ಜೆಯ ಸಂಖ್ಯೆಯನ್ನು ನೆಚ್ಚದೆ, ತನ್ನ ದೀಪಕ್ಕೆ ತಾನೇ ಪರೀಕ್ಷೆಯ ತುಂಡುಗಳನ್ನು ಮಾಡಿಕೊಳ್ಳಬೇಕು. ಮತ್ತೊಂದು ಮಾತು: ಕೆಲವು ಎಲ್.ಇ.ಡಿ.ಗಳು ಸ್ವಿಚ್ಚು ಆರಿಸಿದ ಮೇಲೆಯೂ ಮಿಣುಕುತ್ತಿರುತ್ತವೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ನೋಡಿ. ಮಿಣುಕು ಕಂಡರೆ ಸ್ವಿಚ್ಚು ಫೇಸ್ ತಂತಿಯ ಮೇಲಿದೆಯೋ ಇಲ್ಲವೋ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸತಕ್ಕದ್ದು. ಹಳೆಯ ಯಂತ್ರದ ಲೋಹದ ಮೈಗೆ ಅರ್ತಿಂಗ್ ಕೊಡಿಸುವುದನ್ನೂ ಮರೆಯಬಾರದು.

ದೀಪವನ್ನು ಕೂರಿಸುವ ಕೆಲಸ ತಾಳ್ಮೆಯದು. ಎಲ್.ಇ.ಡಿ.ಯ ಬೆಳಗುವ ಭಾಗ ಹಳೆಯ ಬುರುಡೆಯ ತಂತಿಯಿದ್ದ ಎತ್ತರದಲ್ಲಿಯೇ ಇರುವುದಿಲ್ಲ; ಆದ ಕಾರಣ ಹಳೆಯ ಗುರುತುಗಳು ನಿಷ್ಪ್ರಯೋಜಕ. ಮೊದಲು ನೆಗೆಟಿವನ್ನಿಟ್ಟು, ಬೇಕಾದ ಅಳತೆಗೆ ಹಿಗ್ಗಿಸಿ, ಚಿತ್ರವನ್ನು ಸ್ಪಷ್ಟಗೊಳಿಸಿಕೊಂಡು, ಬಳಿಕ ನೆಗೆಟಿವನ್ನು ತೆಗೆದುಬಿಡಬೇಕು. ಮಸೂರದ ಕಿಂಡಿಯನ್ನು ಎರಡು ಹಂತ ಕಿರಿದುಮಾಡಿ, ಮೇಜಿನ ಮೇಲೆ ಬಿಳಿಯ ಹಾಳೆಯನ್ನು ಹಾಸಿ, ದೀಪವನ್ನು ಒಂದೊಂದು ನೂಲಿನಷ್ಟು ಮೇಲೆ ಕೆಳಗೆ ಸರಿಸುತ್ತ ನಾಲ್ಕು ಮೂಲೆಗಳನ್ನೂ ನಡುವನ್ನೂ ಹೋಲಿಸಿ ನೋಡಬೇಕು. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ನಮ್ಮ ಕಣ್ಣು ಬಹಳ ಕ್ಷಮಾಶೀಲವಾದುದು. ಕಾಗದಕ್ಕೆ ಆ ದಾಕ್ಷಿಣ್ಯವಿಲ್ಲ. ನೆಗೆಟಿವಿಲ್ಲದೆಯೇ ಒಂದು ಹಾಳೆಗೆ ಸ್ವಲ್ಪ ಬೆಳಕು ತೋರಿಸಿ ನಡುಬೂದಿ ಬಣ್ಣ ಬರುವಂತೆ ತೊಳೆದು ಒಣಗಿಸಿ. ಅದರ ಮೂಲೆಗಳನ್ನು ಕತ್ತರಿಸಿ ನಡುವಿನ ಮೇಲಿಡಿ. ಬೆಳಕು ಸಾಲದ ಮೂಲೆ ಬೆಳ್ಳಗೆ ಎದ್ದು ಕಾಣುತ್ತದೆ. ನನಗೆ ಮೂರು ಸಂಜೆ, ಹದಿನಾಲ್ಕು ಹಾಳೆ ಹಿಡಿದುವು. ಹಾಳೆಯ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ.

ಕಂಡೆನ್ಸರನ್ನು ತೆಗೆಯದೆ, ಅದರ ಕೆಳಗೆ ಹಾಲುಬಣ್ಣದ ಅಕ್ರಿಲಿಕ್ ಹಲ್ಲೆಯೊಂದನ್ನು ಸೇರಿಸಿದೆ. ಅದು ನೆಗೆಟಿವಿಗೆ ಅಂಟಿಕೊಂಡಿರಕೂಡದು. ಅರ್ಧ ಅಂಗುಲವಾದರೂ ಮೇಲಿದ್ದರೆ ಅದರ ಮೇಲಿನ ಧೂಳು ಪಟಕ್ಕೆ ಇಳಿಯುವುದಿಲ್ಲ. ಎಂಟು ಸೆಕೆಂಡಿನ ಕೆಲಸ ಇಪ್ಪತ್ತಾರು ಸೆಕೆಂಡಿಗೆ ಏರಿತು. ಅದು ನಷ್ಟವಲ್ಲ, ಅಷ್ಟು ಹೊತ್ತಿನಲ್ಲಿ ಕೈಯನ್ನು ಅಡ್ಡ ಹಿಡಿದು ಅಜ್ಜಿಯ ಬಿಳಿಯ ಸೆರಗನ್ನು ಬೇರೆಯಾಗಿ ಹದಗೊಳಿಸುವುದಕ್ಕೆ ಅವಕಾಶ ದೊರೆಯಿತು.

ಪಟವನ್ನು ಒಣಹಾಕಿ ತಾಯಿಯವರನ್ನು ಕರೆದೆ. ಗೀರುಗಳು ಹೆಚ್ಚುಕಡಿಮೆ ಮಾಯವಾಗಿದ್ದುವು. ಹಣೆಯ ನೆರಿಗೆಗಳು ಉಳಿದಿದ್ದುವು. ಅವರು ಬಹಳ ಹೊತ್ತು ನೋಡಿದರು. ಬಳಿಕ, “ನಮ್ಮವ್ವ ಮೂಗುತಿ ಎಡಕ್ಕ ಹಾಕ್ಕೊಂತಿದ್ಲಲ್ಲೋ ತಮ್ಮಾ, ಇದರಾಗ ಬಲಕ್ಕ ಐತಿ. ಸೆರಗೂ ತಿರುವುಮುರುವು ಆಗೈತಿ ನೋಡು” ಎಂದರು.

ದೀಪದ ಚಿಂತೆಯಲ್ಲಿ ನೆಗೆಟಿವನ್ನು ಮಗುಚಿ ಇಟ್ಟಿದ್ದೆ. ಆ ರಾತ್ರಿಯೇ ಅದನ್ನು ಸರಿಯಾಗಿ ಹಾಕಿ ಇನ್ನೊಂದು ಪಟ ತೆಗೆದೆ. ಹೊಲದಲ್ಲಿ ಪಂಪುಗಳು ತಿರುಗುತ್ತಲೇ ಇದ್ದುವು. ಅದೇ ದೀಪ, ಅದೇ ಎತ್ತರ, ಅದೇ ಇಪ್ಪತ್ತಾರು ಸೆಕೆಂಡು. ಮೊದಲನೆಯ ಹಾಳೆಯೇ ಸರಿಬಂದಿತು.