ಮೂಗಿನ ಅಳತೆ, ಮನುಷ್ಯನ ಬೆಲೆ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರೂ ಗಿರಣಿಯಲ್ಲಿ ಮಗ್ಗ ನಡೆಸುವವರೂ ಈ ಸಭೆಯಲ್ಲಿದ್ದೀರಿ. ತೂಕ ಸರಿಯಾಗಿರಬೇಕಾದರೆ ತೂಕದ ಕಲ್ಲು ಸರಿಯಿರಬೇಕು, ತೂಗುವವನ ಬೆರಳು ತಟ್ಟೆಗೆ ತಾಗಬಾರದು ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕೆಲವು ಜನಾಂಗಗಳು ಹುಟ್ಟಿನಿಂದಲೇ ಮೇಲು, ಕೆಲವು ಕೀಳು ಎಂದು ವಿಜ್ಞಾನದ ಹೆಸರಿನಲ್ಲಿ ತೂಗಿ ತೋರಿಸಿದವರುಂಟು. ಅವರ ತಕ್ಕಡಿಯನ್ನು ಇಂದು ಪರೀಕ್ಷಿಸೋಣ.

ಜನಾಂಗವೆಂಬ ಮಾತನ್ನು ನಮ್ಮಲ್ಲಿ ಜಾತಿಗೂ ಬಳಸುತ್ತೇವೆ. ಇಲ್ಲಿ ನಾವು ಹೇಳುತ್ತಿರುವುದು ಬಣ್ಣ, ಕೂದಲು, ಮುಖದ ಆಕಾರ ನೋಡಿ ಮನುಷ್ಯಕುಲವನ್ನು ಪಾಲು ಮಾಡಿದ ವಿಂಗಡಣೆಯನ್ನು. ಆದರೆ ಈ ಎರಡು ಅರ್ಥಗಳನ್ನೂ ಒಂದೇ ಗಂಟಿಗೆ ಕಟ್ಟಲು ಹೊರಟವನೊಬ್ಬನಿದ್ದ. ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ. 1901ರ ಜನಗಣತಿಯ ಮುಖ್ಯಸ್ಥ. ಅವನ ಲೆಕ್ಕ ಬಹಳ ಸುಲಭ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಉದ್ದ 50 ಮಿಲಿಮೀಟರ್, ಅಗಲ 35 ಆದರೆ ಅಂಕ 70. ಬಂಗಾಳದ ಕಡೆಯ ಅಳತೆಗಳಿಂದ ಹೊರಟು, ಮೂಗು ಅಗಲವಾದಷ್ಟೂ ಜಾತಿಯ ಅಂತಸ್ತು ಕೆಳಗೆ ಎಂಬ ಸೂತ್ರವನ್ನೇ ಅವನು ಕಟ್ಟಿದ. ಮೇಲಿನವರದು ಆರ್ಯ ಮೂಲ, ಕೆಳಗಿನವರದು ಬೇರೆ ಮೂಲ ಎಂದ.

1932ರಲ್ಲಿ ಜಿ. ಎಸ್. ಘುರ್ಯೆಯವರು ಈ ಅಂಕಗಳನ್ನು ಪ್ರಾಂತವಾರು ತಿರುಗಿ ನೋಡಿದರು. ಉತ್ತರದ ಗಂಗಾ ಬಯಲಿನ ಒಂದು ಭಾಗ ಬಿಟ್ಟರೆ ಸೂತ್ರ ನಿಲ್ಲಲಿಲ್ಲ. 1948ರಲ್ಲಿ ಡಾ. ಅಂಬೇಡ್ಕರರು ಆ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೆನಿಸಿಕೊಂಡವರೂ ಬೇರೆ ಬೇರೆ ಜನಾಂಗವೆನ್ನಲು ಆಧಾರವಿಲ್ಲವೆಂದು ವಾದಿಸಿದರು. ಶತ್ರುವಿನ ಗಜಕಡ್ಡಿಯಿಂದಲೇ ಶತ್ರುವಿನ ಬಟ್ಟೆ ಅಳೆದು ತೋರಿಸಿದಂತಾಯಿತು.

ಗಮನಿಸಿ: ಮೂಗುಗಳಲ್ಲಿ ವ್ಯತ್ಯಾಸವಿಲ್ಲವೆಂದು ನಾವು ಹೇಳುತ್ತಿಲ್ಲ. ಮೂಗಿನ ಅಗಲಕ್ಕೂ ಪೂರ್ವಿಕರು ಬಾಳಿದ ನಾಡಿನ ಸೆಕೆ ತೇವಗಳಿಗೂ ಸಂಬಂಧವುಂಟು. ಮೈಬಣ್ಣಕ್ಕೂ ಬಿಸಿಲಿಗೂ ಸಂಬಂಧವುಂಟು. ಆದರೆ ಅಳತೆಗೋಲು ಮಿಲಿಮೀಟರನ್ನು ಹೇಳುತ್ತದೆಯೇ ಹೊರತು ಮೇಲು ಕೀಳನ್ನು ಹೇಳುವುದಿಲ್ಲ. ಆ ಗೆರೆಯನ್ನು ಅಳೆಯುವವನೇ ಮನೆಯಿಂದ ತಂದಿರುತ್ತಾನೆ.

ಮೂಗು ಹೋಗಲಿ, ಬುದ್ಧಿಯನ್ನು ಅಳೆದಿಲ್ಲವೇ ಎಂದು ಕೇಳುವವರಿದ್ದಾರೆ. ಅಳೆದರು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕವು ಸುಮಾರು ಹದಿನೇಳು ಲಕ್ಷ ಸೈನಿಕರಿಗೆ ಬುದ್ಧಿಪರೀಕ್ಷೆ ಮಾಡಿತು. ಓದುಬರಹ ಬಲ್ಲವರಿಗೆ ಒಂದು ಪ್ರಶ್ನೆ: ಕ್ರಿಸ್ಕೋ ಎಂದರೆ ಔಷಧಿಯೋ, ಹಲ್ಲಿನ ಪೇಸ್ಟೋ, ತಿನ್ನುವ ವಸ್ತುವೋ? ಅದು ನಮ್ಮ ಡಾಲ್ಡಾದಂತೆ ಅಲ್ಲಿನ ಅಂಗಡಿಯ ಡಬ್ಬಿ ಸರಕು. ಓದು ಬಾರದವರಿಗೆ ಚಿತ್ರ ಕೊಟ್ಟು, ಟೆನಿಸ್ ಅಂಗಳದಲ್ಲಿ ಯಾವುದು ಕಾಣೆಯಾಗಿದೆ ಎಂದು ಕೇಳಿದರು. ಹಳ್ಳಿಯಿಂದ ಹಡಗು ಹತ್ತಿ ಬಂದ ಪೋಲೆಂಡಿನ ರೈತ ಟೆನಿಸ್ ಬಲೆಯನ್ನು ಎಲ್ಲಿ ಕಂಡಾನು?

ಈ ಅಂಕಗಳನ್ನು ಹಿಡಿದು ಕಾರ್ಲ್ ಬ್ರಿಗ್‌ಹ್ಯಾಮ್ ಎಂಬ ವಿದ್ವಾಂಸ 1923ರಲ್ಲಿ, ಉತ್ತರ ಯೂರೋಪಿನವರೇ ಶ್ರೇಷ್ಠರೆಂದು ಗ್ರಂಥ ಬರೆದ. ಮರುವರ್ಷವೇ ದಕ್ಷಿಣ ಮತ್ತು ಪೂರ್ವ ಯೂರೋಪಿನ ಬಡವರಿಗೆ ಬಾಗಿಲು ಮುಚ್ಚುವ ವಲಸೆ ಕಾನೂನು ಬಂತು. ಅದೇ ಪರೀಕ್ಷೆಯಲ್ಲಿ ಇಲಿನಾಯ್, ನ್ಯೂಯಾರ್ಕ್ ರಾಜ್ಯಗಳ ಕಪ್ಪು ಸೈನಿಕರು ಮಿಸಿಸಿಪ್ಪಿ, ಅರ್ಕಾನ್ಸಾ ರಾಜ್ಯಗಳ ಬಿಳಿಯರಿಗಿಂತ ಒಟ್ಟಾರೆ ಹೆಚ್ಚು ಅಂಕ ಪಡೆದಿದ್ದರು. ಅಂಕ ಹೋದದ್ದು ಶಾಲೆಯ ಹಿಂದೆ, ಬಣ್ಣದ ಹಿಂದೆ ಅಲ್ಲ. 1930ರಲ್ಲಿ ಬ್ರಿಗ್‌ಹ್ಯಾಮನೇ ತನ್ನ ತೀರ್ಮಾನಕ್ಕೆ ಬುಡವಿಲ್ಲವೆಂದು ಬರೆದ. ಆದರೆ ದೇಶವಾರು ಪಾಲು ಹಾಕಿದ ಆ ಪದ್ಧತಿ 1965ರವರೆಗೂ ಉಳಿಯಿತು. ಸುಳ್ಳು ಲೆಕ್ಕ ಒಮ್ಮೆ ಕಾನೂನಿನ ಪುಸ್ತಕ ಸೇರಿದರೆ ಅಳಿಸುವುದು ಅಷ್ಟು ಕಷ್ಟ.

ಇನ್ನು ರಕ್ತದ ಮಾತು. ನಮ್ಮ ಕಾರ್ಮಿಕನೊಬ್ಬ ಯಂತ್ರಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರೆ ವೈದ್ಯರು ಕೇಳುವುದು ಎ, ಬಿ, ಎಬಿ, ಓ ಎಂಬ ಗುಂಪನ್ನು. ಈ ಗುಂಪುಗಳು ಎಲ್ಲ ಖಂಡಗಳಲ್ಲೂ ಉಂಟು. ಪ್ರಮಾಣ ಮಾತ್ರ ಹೆಚ್ಚು ಕಡಿಮೆ. ಒಡಹುಟ್ಟಿದವನ ರಕ್ತ ಹೊಂದದೆ, ಸಮುದ್ರದಾಚೆಯ ಕಪ್ಪು ಮನುಷ್ಯನ ರಕ್ತ ಹೊಂದಬಹುದು. ಆದರೂ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ರೆಡ್ ಕ್ರಾಸ್ ಕಪ್ಪು ಜನರ ರಕ್ತವನ್ನು ಬೇರೆ ಇಟ್ಟಿತು; 1950ರಲ್ಲಿ ಆ ಪದ್ಧತಿ ಬಿಟ್ಟಿತು. 1972ರಲ್ಲಿ ರಿಚರ್ಡ್ ಲೆವಾಂಟಿನ್ ರಕ್ತದಲ್ಲಿರುವ ಅನುವಂಶಿಕ ಗುಣಗಳ ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಶೇಕಡ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇರುವುದು ಕಂಡಿತು. ಜನಾಂಗಗಳ ನಡುವೆ ಉಳಿದದ್ದು ಶೇಕಡ 6ರಷ್ಟು.

ಕೆಲವು ರೋಗಗಳು ಕೆಲವರಲ್ಲಿ ಹೆಚ್ಚಲ್ಲವೇ? ಹೌದು. ಕುಡುಗೋಲು ಕಣದ ರಕ್ತರೋಗ ಪಶ್ಚಿಮ ಆಫ್ರಿಕದಲ್ಲಿದೆ. ಗ್ರೀಸಿನಲ್ಲೂ ಇದೆ, ನಮ್ಮ ಮಧ್ಯಭಾರತದ ಬುಡಕಟ್ಟುಗಳಲ್ಲೂ ಇದೆ. ಅದು ಮಲೇರಿಯಾ ಕಾಡಿದ ನೆಲವನ್ನು ಹಿಂಬಾಲಿಸಿತು, ಮೈಬಣ್ಣವನ್ನಲ್ಲ.

ಹಾಗಾದರೆ ಬುಡವಿಲ್ಲದ ಈ ಮಾತು ಇಷ್ಟು ಕಾಲ ಬಾಳಿದ್ದೇಕೆ? ಅದರಿಂದ ಲಾಭವಿದ್ದದ್ದರಿಂದ. ಗುಲಾಮನ ಕೂಲಿ ಉಳಿಸಿದವನಿಗೆ, ವಸಾಹತು ಆಳಿದವನಿಗೆ ಅದು ಬೇಕಾಗಿತ್ತು. ನಮ್ಮ ಕಸುಬಿನಲ್ಲೇ ನೋಡಿ. ಮುಂಬಯಿಯ ಗಿರಣಿಗಳಲ್ಲಿ ಕಂಡಿಕೆ ಬದಲಿಸುವಾಗ ಲಾಳಿಯ ನೂಲನ್ನು ನೇಕಾರರು ಬಾಯಿಂದ ಎಳೆಯುತ್ತಿದ್ದರು. ಎಂಜಲಿನ ನೆಪ ಹೇಳಿ, ಕೂಲಿ ಹೆಚ್ಚಿದ್ದ ನೇಯ್ಗೆ ಖಾತೆಗೆ ದಲಿತ ಕಾರ್ಮಿಕರನ್ನು ಸೇರಿಸುತ್ತಿರಲಿಲ್ಲ. 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರರು ಈ ಪ್ರಶ್ನೆ ಎತ್ತಬೇಕಾಯಿತು. ಬಾಗಿಲು ಮುಚ್ಚಿದವರಲ್ಲಿ ಮಾಲೀಕನಷ್ಟೇ ಅಲ್ಲ, ಜೊತೆಯ ಕಾರ್ಮಿಕರೂ ಇದ್ದರೆಂಬುದನ್ನು ನಾವು ಮರೆಯಬಾರದು. ಹೀಗೆ ಒಡೆದ ಸಾಲಿನಿಂದ ಯಾರ ಕೂಲಿಯೂ ಏರುವುದಿಲ್ಲ.

ಆದ್ದರಿಂದ ಮಿತ್ರರೇ, ಕೆಲಸಕ್ಕೆ ಆಳು ಆರಿಸುವಾಗ, ಮನೆ ಬಾಡಿಗೆಗೆ ಕೊಡುವಾಗ, ಸಂಘಕ್ಕೆ ಸದಸ್ಯರನ್ನು ಸೇರಿಸುವಾಗ “ಅವರ ರಕ್ತವೇ ಹಾಗೆ” ಎಂಬ ಮಾತು ಬಂದರೆ ಸುಮ್ಮನೆ ಕೂರಬೇಡಿ. ಯಾವ ಅಳತೆಯಿಂದ ಹೇಳುತ್ತೀರಿ ಎಂದು ಅಲ್ಲಿಯೇ ಕೇಳಿ. ಆ ಮಾತಿನಿಂದ ಯಾರ ಗಲ್ಲೆ ತುಂಬುತ್ತದೆ ಎಂಬುದನ್ನೂ ಕೇಳಿ.